ಪಿಳ್ಳಮ್ಮನ ಮನೆತನದ ಉಷ್ಣ

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೀರೆಗೆ ಫಾಲ್ ಹಾಕುವ ಪಿಳ್ಳಮ್ಮ ಬಿಳಿ ಸೀರೆ ಮುಟ್ಟುವುದಿಲ್ಲ. ಮಡಿಯೂ ಅಲ್ಲ, ಶಕುನವೂ ಅಲ್ಲ. ಬೆರಳಿಗೆ ಸೂಜಿ ತಾಗಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಅಷ್ಟೆ. "ಕೆಂಪು ಸೀರೆ ತನ್ನಿ, ನಿಮಗೂ ಕ್ಷೇಮ, ನನಗೂ ಕ್ಷೇಮ" ಅನ್ನುತ್ತಾರೆ.

ಇದಕ್ಕೆ ಆ ಮನೆಯಲ್ಲಿ ಒಂದೇ ಹೆಸರು: ಉಷ್ಣ. ಪಿಳ್ಳಮ್ಮನ ಮೂಗಿನಿಂದ ರಕ್ತ ಸುರಿದರೆ ಉಷ್ಣ. ಮಗಳು ಹೇಮಶ್ರೀಯ ತೋಳು ಬಾಗಿಲು ತಗುಲಿದ್ದಕ್ಕೇ ನೀಲಿಗಟ್ಟಿದರೆ ಉಷ್ಣ. ತಾಯಿ ಮಗಳಿಬ್ಬರಿಗೂ ಮುಟ್ಟು ಹತ್ತು ದಿನ ಹೋದರೆ ಮಾತ್ರ ಅದಕ್ಕೆ ಹೆಸರೇ ಇಲ್ಲ, ಬಾಯಿ ಮುಚ್ಚಿಕೊಂಡಿರಬೇಕು. ನೆತ್ತಿಗೆ ಹರಳೆಣ್ಣೆ, ಹೊಟ್ಟೆಗೆ ಬಾರ್ಲಿ ನೀರು. ಈ ಮನೆ ಕುಡಿದ ಬಾರ್ಲಿಯಲ್ಲಿ ಸ್ಯಾಂಕಿ ಕೆರೆ ತುಂಬಿಸಬಹುದಿತ್ತು. ಡಾಕ್ಟರುಗಳೇನು ಕಮ್ಮಿಯೇ? ಕಬ್ಬಿಣದ ಮಾತ್ರೆ ಬರೆದುಕೊಟ್ಟು "ನೆಕ್ಸ್ಟ್" ಅಂದವರೇ ಎಲ್ಲರೂ. ನಲ್ಲಿ ಸೋರಲು ಬಿಟ್ಟು ಟ್ಯಾಂಕಿಗೆ ನೀರು ತುಂಬಿಸುವ ಬುದ್ಧಿವಂತಿಕೆ!

ಕಳೆದ ತಿಂಗಳು ಪಿಳ್ಳಮ್ಮ ದವಡೆ ಹಲ್ಲು ಕೀಳಿಸಲು ವೈಯಾಲಿಕಾವಲಿನ ದಂತವೈದ್ಯೆ ಪ್ರತಿಭಾ ಹತ್ತಿರ ಹೋದರು. ಆಕೆ ಇಕ್ಕಳ ಎತ್ತುವ ಮುಂಚೆ ಕೇಳಿದರು:

"ಹಿಂದೆ ಹಲ್ಲು ಕಿತ್ತಾಗ ರಕ್ತ ಎಷ್ಟು ಹೊತ್ತು ಬಂತಮ್ಮ?"

"ಎರಡು ದಿನ. ಉಷ್ಣ ಅಲ್ವಾ."

"ನಿಮ್ಮ ತಾಯಿಗೂ ಹೀಗೇನಾ?"

"ಹೂಂ. ಅವ್ವ ನನ್ನ ತಮ್ಮನ್ನ ಹೆತ್ತಾಗ ರಕ್ತ ನಿಲ್ದೇನೇ ಹೋಗಿದ್ದು."

ಪ್ರತಿಭಾ ಇಕ್ಕಳ ಕೆಳಗಿಟ್ಟರು. ರಕ್ತದ ಕಾಯಿಲೆಯ ಡಾಕ್ಟರ ಬಳಿಗೆ ಚೀಟಿ ಬರೆದರು. ಶನಿವಾರ ರಿಪೋರ್ಟು ಬಂತು: ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು ಹುಟ್ಟಿನಿಂದಲೇ ಕಮ್ಮಿ. ತಾಯಿಯಿಂದಲೋ ತಂದೆಯಿಂದಲೋ ಬರುತ್ತದೆ, ಮಕ್ಕಳು ಮೊಮ್ಮಕ್ಕಳಿಗೂ ಹೋಗಬಹುದು. ಔಷಧ ಇದೆ, ಮುಂಚೆ ಗೊತ್ತಿರಬೇಕು, ಅಷ್ಟೆ.

"ಹಂಗಾದ್ರೆ ನಲವತ್ತು ವರ್ಷ ನಮ್ಮತ್ತೆ ಬಾರ್ಲಿ ಕುಡ್ಸಿದ್ದು?"

"ಬಾಯಾರಿಕೆಗೆ ಒಳ್ಳೇದು ಬಿಡಿ" ಅಂದರು ಆ ಡಾಕ್ಟರು.

ಪಿಳ್ಳಮ್ಮನಿಗೆ ನಗು ಬರಲಿಲ್ಲ. ಮರುದಿನವೇ ಹೇಮಶ್ರೀಯ ಒಂದು ವರ್ಷದ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಆ ಮಗುವಿನ ತೋಳಿನ ಮೇಲೂ ತಾಯಿಯದೇ ನೀಲಿ ಕಲೆ.

ಭಾನುವಾರ ಮಗುವಿನ ಸೋದರಮಾವ, ಪಿಳ್ಳಮ್ಮನ ಮಗ ಮರಿಯಣ್ಣ ಹೊಸ ಪಂಚೆಯುಟ್ಟು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ. ಆಚಾರಿ ಚಿನ್ನದ ತಂತಿ ಎತ್ತಿದ. ಪಿಳ್ಳಮ್ಮ ಅಡ್ಡ ನಿಂತರು.

"ಬೇಡಿ ಆಚಾರ್ರೇ. ಮೊದ್ಲು ಟೆಸ್ಟು."

"ಮುಹೂರ್ತ ಮೀರ್ತದೆ ಕಣವ್ವ" ಅಂದ ಮರಿಯಣ್ಣ. "ಒಂಚೂರು ಉಷ್ಣಕ್ಕೆಲ್ಲ..."

"ಉಷ್ಣ ಅಂದ್ರೆ ನಿನ್ನ ಹಲ್ಲು ಉದುರಿಸ್ತೀನಿ ನೋಡು! ನಂಗೆ ಮುಟ್ಟು ಹತ್ತು ದಿನ ಹೋಗ್ತಿತ್ತು, ನಿಮ್ಮಕ್ಕಂಗೆ ಈಗ್ಲೂ ಹೋಗ್ತದೆ. ನಿಮ್ಮಜ್ಜಿ ಪ್ರಾಣಾನೇ ಹೋಯ್ತು. ಕಿವಿ ಎಲ್ಲೂ ಓಡೋಗಲ್ಲ, ಮುಂದಿನ ವರ್ಷ ಚುಚ್ಚಿದ್ರಾಯ್ತು."

ಗಂಡಸರೆಲ್ಲ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಫ್ಯಾನು ನೋಡುವುದರಲ್ಲಿ ನಾವು ಗಂಡಸರು ನಿಪುಣರು. ಮನೆಯ ಹೆಂಗಸರ ರಕ್ತ ಹರಿದಾಗಲೆಲ್ಲ ನೋಡಿಕೊಂಡು ಬಂದಿದ್ದು ಅದನ್ನೇ.

ಆಚಾರಿ ಒಬ್ಬನೇ ನೋಡಲಿಲ್ಲ. ತಂತಿಯನ್ನು ಡಬ್ಬಿಗೆ ಹಾಕಿ, ದನಿ ತಗ್ಗಿಸಿ ಕೇಳಿದ: "ನಮ್ಮ ಮನೆಯವಳಿಗೂ ಹಿಂಗೇ ಆಗ್ತದಮ್ಮ. ಆ ಡಾಕ್ಟರ ಹೆಸರು ಬರ್ಕೊಡ್ತೀರಾ?"