ಆರ್ಡಿತ್ ಆರಿಸಿಕೊಂಡ ಚಾಕು

ಆರ್ಡಿತ್ ಕೆಸ್ಲರಳ ಎಡಗೈ ಹೋದದ್ದು ಹುಲ್ಲಿನ ಪಿಂಡಿ ಕಟ್ಟುವ ಯಂತ್ರದಲ್ಲಿ, ಜುಲೈ ತಿಂಗಳ ಒಂದು ಒಣ ಮಧ್ಯಾಹ್ನ. ಯಂತ್ರದ ಬಾಯಲ್ಲಿ ಹಸಿ ಹುಲ್ಲು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಬಗ್ಗಿದವಳ ಅಂಗಿಯ ತೋಳನ್ನು ಯಂತ್ರ ಎಳೆದುಕೊಂಡಿತು. ಯಾರಾದರೂ ಕೇಳಿದರೆ ಅವಳು ಈ ಕತೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ಎಂಜಿನ್ ಆಫ್ ಮಾಡ್ಬೇಕಿತ್ತು, ಮಾಡ್ಲಿಲ್ಲ."

ಆಸ್ಪತ್ರೆಯಿಂದ ಬಂದ ಮೇಲೆ ಮನೆಯೊಳಗೆ ಕೂರುವ ಹೆಂಗಸಲ್ಲ ಅವಳು. ಮೊದಲ ಹಿಮ ಬೀಳುವ ಹೊತ್ತಿಗೆ ಗಂಡ ಎಮೆಟ್ ಜೊತೆ ದನಗಳಿಗೆ ಹುಲ್ಲು ಹಾಕಲು ಹೊರಟಿದ್ದಳು. ದನ ಸಾಕುವ ಅವರ ರಾಂಚಿಗೂ ನಮ್ಮದಕ್ಕೂ ನಡುವೆ ಒಂದೇ ಬೇಲಿ. ಅವಳು ಬಲಗೈಯೊಂದರಲ್ಲೇ ಕುದುರೆಗೆ ಜೀನು ಬಿಗಿಯುವುದನ್ನೂ, ಹೊಟ್ಟೆಯ ಮೇಲೆ ಬಿದ್ದು ಹತ್ತಿ ಕೂರುವುದನ್ನೂ ಕಲಿತದ್ದು ನನ್ನ ಕಣ್ಣೆದುರಿಗೇ. ಮೊದಮೊದಲು ಬಿದ್ದಳು. ಬಿದ್ದಾಗ ಬೈಗುಳ ನಮ್ಮ ಅಂಗಳದವರೆಗೂ ಕೇಳುತ್ತಿತ್ತು.

ಎಲ್ಲವನ್ನೂ ಕಲಿತವಳಿಗೆ ಒಂದು ಮಾತ್ರ ಒಲಿಯಲಿಲ್ಲ. ಅದು ಚಾಕು.

ವಯೋಮಿಂಗ್‌ನ ನಮ್ಮ ಕಡೆ ಗಂಡಸು ಹೆಂಗಸು ಎನ್ನದೆ ಎಲ್ಲರ ಜೇಬಿನಲ್ಲೂ ಚಾಕು ಇರುತ್ತದೆ. ಬೆಳಿಗ್ಗೆ ಪ್ಯಾಂಟು ಹಾಕಿಕೊಂಡೊಡನೆ ಚಾಕು, ಆಮೇಲೆ ಟೋಪಿ. ಹುಲ್ಲಿನ ಪಿಂಡಿಯ ಹುರಿ ಕೊಯ್ಯಬೇಕು, ಮೇವಿನ ಚೀಲ ಸೀಳಬೇಕು, ಕರುವಿನ ಕಾಲಿಗೆ ಸುತ್ತಿಕೊಂಡ ಹಗ್ಗ ಕತ್ತರಿಸಬೇಕು. ಆರ್ಡಿತ್‌ಳ ಬಳಿ ಇದ್ದದ್ದು ಅಪ್ಪ ಕೊಟ್ಟ ಮಡಚುವ ಚಾಕು. ಬಿಡಿಸಲು ಎರಡು ಕೈ ಬೇಕು, ಮಡಚಲೂ ಎರಡು ಕೈ ಬೇಕು. ಅವಳು ಹಲ್ಲಿನಿಂದ ಬಿಡಿಸಿ, ತೊಡೆಗೆ ಒತ್ತಿ ಮಡಚುತ್ತಿದ್ದಳು. ಒಂದು ಹಲ್ಲಿನ ಮೂಲೆ ಹೋಯಿತು. ಜೀನ್ಸ್ ಪ್ಯಾಂಟುಗಳ ಬಲತೊಡೆಯೆಲ್ಲ ಸೀಳು. ಒಮ್ಮೆ ತೊಡೆಗೇ ಹೊಲಿಗೆ ಬಿತ್ತು.

ಅಲ್ಲಿಂದ ಶುರುವಾಯಿತು ಜನರ ಉಪಕಾರ. ಅವಳು ಜೇಬಿಗೆ ಕೈ ಹಾಕಿದರೆ ಸಾಕು, ಎಮೆಟ್, ಎಮೆಟ್‌ನ ಅಣ್ಣ ಕ್ಲೀವ್, ಅಂಚೆ ತರುವವನು, ಯಾರಾದರೊಬ್ಬರು "ಕೊಡು ಇಲ್ಲಿ" ಎಂದು ಹುರಿಯನ್ನೋ ಪೆಟ್ಟಿಗೆಯನ್ನೋ ಕಿತ್ತುಕೊಳ್ಳುತ್ತಿದ್ದರು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಆದರೆ ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಅವಳು ಹೇಳಿದಳು:

"ಕೈ ಹೋಗಿದ್ದಕ್ಕಿಂತ ಈ ‘ಕೊಡು ಇಲ್ಲಿ’ ಅನ್ನೋದು ಜಾಸ್ತಿ ನೋಯುತ್ತೆ ಲೆನಾ. ನಂಗೆ ನಾಲ್ಕು ವರ್ಷ ಆಗಿದ್ದಾಗ ಕೇಳಿದ ಮಾತು ಅದು."

ಸೊಂಟಕ್ಕೆ ಕಟ್ಟುವ, ಮಡಚದ ಚಾಕನ್ನೂ ಒಂದು ಚಳಿಗಾಲ ಪೂರ್ತಿ ಬಳಸಿ ನೋಡಿದಳು. ಹೊಟ್ಟೆಯ ಮೇಲೆ ಬಿದ್ದು ಕುದುರೆ ಹತ್ತುವಾಗ ಅದರ ಒರೆ ಜೀನಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿಮ ಒಳಗೆ ಹೊಕ್ಕು ಹೆಪ್ಪುಗಟ್ಟಿದರೆ ಚಾಕು ಒರೆ ಬಿಟ್ಟು ಬರುತ್ತಲೇ ಇರಲಿಲ್ಲ. ಚರ್ಚಿಗೆ ಹೋಗುವಾಗ ಬಿಚ್ಚಿಡಬೇಕು, ವಾಪಸು ಬಂದು ಕಟ್ಟಿಕೊಳ್ಳಲು ಮತ್ತೆ ಇನ್ನೊಬ್ಬರ ಕೈ ಬೇಕು.

ಕೊನೆಗೆ ಒಂದು ಶನಿವಾರ ನನ್ನನ್ನು ಜೊತೆಗೆ ಕರೆದುಕೊಂಡು ಪೇಟೆಗೆ ಹೊರಟಳು. ಅಲ್ಲಿ ಆರಿನ್ ಪೆಟಿಬೋನ್ ಎಂಬ ಮುದುಕನ ಅಂಗಡಿ. ಮೀನಿನ ಗಾಳ, ಬಂದೂಕು, ಚಾಕು ಮಾರುತ್ತಾನೆ. ಆರ್ಡಿತ್ ತನ್ನ ಕೋಟಿನ ಜೇಬು ತುಂಬ ಏನೋ ತುರುಕಿಕೊಂಡಿದ್ದಳು. ಏನೆಂದು ಕೇಳಿದ್ದಕ್ಕೆ ಆಮೇಲೆ ನೋಡು ಎಂದಳು.

ಆರಿನ್ ಅವಳ ಖಾಲಿ ತೋಳನ್ನು ನೋಡಿ ಮೊದಲು ಸ್ವಲ್ಪ ಮೆತ್ತಗಾದ. ಹೆಂಗಸರಿಗೆಂದೇ ಮಾಡಿದ ಗುಲಾಬಿ ಹಿಡಿಯ ಸಣ್ಣ ಚಾಕು ತೆಗೆದಿಟ್ಟ. ಅವಳು ಅದನ್ನು ಒಂದು ಬೆರಳಿನಿಂದ ವಾಪಸು ಜಾರಿಸಿದಳು.

"ಇದು ಕಾಗದದ ಕವರ್ ಹರಿಯೋಕೆ. ನಾನು ದನ ಸಾಕೋಳು."

ಮುದುಕ ನಕ್ಕ. ಮೆತ್ತಗಿನ ದನಿ ಅಲ್ಲಿಗೆ ಬಿಟ್ಟುಹೋಯಿತು. ಗಾಜಿನ ಕಪಾಟಿನ ಕೆಳಗಿನಿಂದ ಬೇರೆಯೇ ಒಂದು ತಟ್ಟೆ ಎಳೆದ. ಅದರ ತುಂಬ ಮುಂಬದಿಯಿಂದ ಚಿಮ್ಮುವ ಸ್ಪ್ರಿಂಗ್ ಚಾಕುಗಳು. ಇವುಗಳ ಅಲಗು ಪಕ್ಕಕ್ಕೆ ಮಡಚುವುದಿಲ್ಲ, ಹಿಡಿಯೊಳಗೆ ನೇರವಾಗಿ ಅಡಗಿರುತ್ತದೆ. ಹಿಡಿಯ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಮೂತಿಯಿಂದ ಟಕ್ ಎಂದು ಹೊರಬರುತ್ತದೆ.

ಆರ್ಡಿತ್ ಒಂದನ್ನು ಎತ್ತಿ ತಳ್ಳಿದಳು, ಅಲಗು ಬಂತು. ಒಳಗೆ ಹೋಗಿಸುವುದು ಹೇಗೆಂದು ಕೇಳಿದಾಗ, ಅದನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಎಳೆದು ಕೂರಿಸಬೇಕು ಎಂದ ಆರಿನ್. ಹೇಳುತ್ತಿದ್ದಂತೆ ಅವನ ಮುಖ ಕೆಂಪಾಯಿತು. ಅದನ್ನು ಪಕ್ಕಕ್ಕಿಟ್ಟು ಬೇರೊಂದು ಬಗೆಯದನ್ನು ತೋರಿಸಿದ. ಇದರಲ್ಲಿ ಗುಂಡಿ ಮುಂದೆ ತಳ್ಳಿದರೆ ಅಲಗು ಹೊರಗೆ, ಅದೇ ಗುಂಡಿ ಹಿಂದೆ ಎಳೆದರೆ ಅಲಗು ಒಳಗೆ. ಒಂದೇ ಹೆಬ್ಬೆರಳು ಸಾಕು. ಆರ್ಡಿತ್ ಅದನ್ನು ಟಕ್ ಟಕ್ ಎಂದು ಆಡಿಸುತ್ತ ನಿಂತಳು. ಅವಳ ಮುಖದ ಮೇಲೆ ಏನೋ ಒಂದು ಬದಲಾಗಿದ್ದು ನನಗೆ ಕಂಡಿತು. ಆದರೂ ತಕ್ಷಣ ಒಪ್ಪಿಬಿಡುವ ಹೆಂಗಸಲ್ಲ ಅವಳು. ಜೇಬಿನಲ್ಲಿದ್ದದ್ದನ್ನು ಗಾಜಿನ ಮೇಲೆ ಸುರಿದಳು. ಪಿಂಡಿಯ ಹುರಿ, ಹಳೆಯ ಕುಣಿಕೆ ಹಗ್ಗದ ತುಂಡು, ಮೇವಿನ ಚೀಲದ ಚೂರು, ಚಳಿಗಾಲದ ದಪ್ಪ ಚರ್ಮದ ಕೈಗವಸು. ಕೈಗವಸನ್ನು ಹಲ್ಲಿನಿಂದ ಎಳೆದು ಹಾಕಿಕೊಂಡು, "ಈಗ ಚಾಕು ಒಂದೊಂದಾಗಿ ಕೊಡು" ಎಂದಳು.

ಅಂಗಡಿಯಲ್ಲಿದ್ದ ಉಳಿದ ಗಿರಾಕಿಗಳೂ ಸುತ್ತ ಬಂದು ನಿಂತರು. ದೊಡ್ಡದೊಂದು ಚಾಕು ನೋಡಲು ಭರ್ಜರಿಯಾಗಿತ್ತು, ಎರಡೂ ಬದಿ ಹರಿತ. ಹುರಿ ಕೊಯ್ಯುವಾಗ ಅಲಗಿನ ಬೆನ್ನಿಗೆ ಹೆಬ್ಬೆರಳು ಒತ್ತಲು ಜಾಗವೇ ಇಲ್ಲ ಎಂದು ಅದನ್ನು ಬಿಟ್ಟಳು. ಇನ್ನೊಂದರ ಗುಂಡಿ ಕೈಗವಸಿಗೆ ಸಿಗುತ್ತಿರಲಿಲ್ಲ. ಮತ್ತೊಂದರ ಗುಂಡಿ ಎಷ್ಟು ಸಡಿಲವೆಂದರೆ ಜೇಬಿನಲ್ಲೇ ತೆರೆದುಕೊಂಡೀತು ಎಂದು ಅವಳಿಗೆ ಅನುಮಾನ. ಗರಗಸದ ಹಲ್ಲಿನ ಅಲಗು ಹಗ್ಗಕ್ಕೆ ಚೆನ್ನಾಗಿತ್ತು, ಆದರೆ ಒಂದೇ ಕೈಯಲ್ಲಿ ಅದನ್ನು ಕಲ್ಲಿಗೆ ಮಸೆಯುವುದು ಕಷ್ಟ. ಧೂಳು ಹೊಕ್ಕರೆ ಏನು ಗತಿ ಎಂದು ಕೇಳಿದಳು. ಆರಿನ್ ಸುಳ್ಳು ಹೇಳಲಿಲ್ಲ. ಹುಲ್ಲಿನ ಧೂಳು ಇವಕ್ಕೆ ಶತ್ರು, ವಾರಕ್ಕೊಮ್ಮೆಯಾದರೂ ಊದಿ, ಒಂದು ಹನಿ ಎಣ್ಣೆ ಬಿಡಬೇಕು ಎಂದ. ಅಲಗು ಚಿಮ್ಮುವಾಗ ಏನಾದರೂ ಅಡ್ಡ ಬಂದರೆ ಅರ್ಧದಲ್ಲೇ ಸಡಿಲಾಗಿ ನಿಲ್ಲುತ್ತದೆ, ತುದಿಯನ್ನು ಎಲ್ಲಿಗಾದರೂ ಮೆಲ್ಲಗೆ ಸಿಕ್ಕಿಸಿ ಎಳೆದರೆ ಮತ್ತೆ ಕೂರುತ್ತದೆ ಎಂದು ಮಾಡಿಯೂ ತೋರಿಸಿದ. ಬೇರೆ ರಾಜ್ಯಕ್ಕೆ ಒಯ್ಯುವ ಮುಂಚೆ ಅಲ್ಲಿನ ಕಾನೂನು ವಿಚಾರಿಸಿಕೊಳ್ಳಿ ಎಂಬ ಎಚ್ಚರಿಕೆಯನ್ನೂ ಕೊಟ್ಟ.

ಅವಳು ಆರಿಸಿದ್ದು ತಟ್ಟೆಯ ಮೂಲೆಯಲ್ಲಿದ್ದ ಒಂದು ಗಿಡ್ಡ ಚಾಕು. ಬೂದು ಬಣ್ಣದ ಹಿಡಿ, ಅಂಗೈಯಷ್ಟೇ ಉದ್ದ, ಅಲಗು ಮೂರು ಇಂಚಿಗೂ ಕಡಿಮೆ, ಒಂದೇ ಬದಿ ಹರಿತ. ಗುಂಡಿ ಹಿಡಿಯ ಅಂಚಿನಲ್ಲಿತ್ತು. ತಳ್ಳಲು ತಕ್ಕಮಟ್ಟಿಗೆ ಬಲ ಬೇಕು, ಕೈಗವಸಿಗೂ ಸಿಗುತ್ತದೆ. ಜೇಬಿನ ಅಂಚಿಗೆ ಸಿಕ್ಕಿಸಿಕೊಳ್ಳಲು ಕ್ಲಿಪ್ ಇತ್ತು. ಇಷ್ಟು ಚಿಕ್ಕದು ಸಾಕೇ ಎಂದು ಗಿರಾಕಿಯೊಬ್ಬ ಕೇಳಿದ.

"ಕರಡಿ ಹೊಡೆಯೋಕೆ ಹೋಗ್ತಿಲ್ಲಪ್ಪ," ಎಂದಳು ಆರ್ಡಿತ್. "ದಿನಾ ಜೇಬಲ್ಲಿ ಇರ್ಬೇಕು. ದೊಡ್ಡದಾದ್ರೆ ಮನೇಲಿ ಬಿಟ್ಟು ಬರ್ತೀನಿ. ಮನೇಲಿರೋ ಚಾಕು ಯಾವ ಹುರೀನ ಕೊಯ್ಯುತ್ತೆ?"

ಮಾರನೆಯ ಬೆಳಿಗ್ಗೆ ಎಮೆಟ್ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಅವಳು ಹಿಂದಿನ ಗಾಡಿಯ ಮೇಲೆ. ಅದುವರೆಗೆ ಅವನು ಪ್ರತಿ ಪಿಂಡಿಗೂ ಗಾಡಿ ನಿಲ್ಲಿಸಿ, ಇಳಿದು ಬಂದು ಹುರಿ ಕೊಯ್ದು ಕೊಡುತ್ತಿದ್ದ. ಅಂದು ನಿಲ್ಲಿಸಲು ಹೊರಟರೆ ಹಿಂದಿನಿಂದ ನಡಿ ನಡಿ ಎಂಬ ಕೂಗು. ಆಮೇಲೆ ಟಕ್ ಎಂಬ ಸದ್ದು, ಹುಲ್ಲು ಉದುರುವ ಸದ್ದು, ಮತ್ತೆ ಟಕ್. ಎಮೆಟ್ ನನಗೆ ಬಹಳ ದಿನದ ಮೇಲೆ ಹೇಳಿದ, ಅವತ್ತು ಹೊಲದ ಕೊನೆ ಮುಟ್ಟುವವರೆಗೂ ತಾನು ತಿರುಗಿ ನೋಡಲಿಲ್ಲವಂತೆ. ನೋಡಿದ್ದರೆ ಅವನ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ಕಾಣುತ್ತಿದ್ದಳು, ವರ್ಷವಿಡೀ ರೇಗಿಸುತ್ತಿದ್ದಳು.

ಚಾಕಿನ ಸದ್ದಿಗೆ ಅವಳ ಬೂದುಬಣ್ಣದ ಕುದುರೆ ಮಾತ್ರ ಮೊದಲ ದಿನ ಬೆಚ್ಚಿಬಿತ್ತು. ಆರ್ಡಿತ್ ಅದಕ್ಕೂ ದಾರಿ ಕಂಡುಕೊಂಡಳು. ಓಟ್ಸ್ ತಿನ್ನಿಸುವ ಮೊದಲು ಕಿವಿಯ ಹತ್ತಿರ ಚಾಕು ಆಡಿಸುವುದು, ಆಮೇಲೆ ತಿನ್ನಿಸುವುದು. ಕೆಲವೇ ದಿನದಲ್ಲಿ ಟಕ್ ಎಂದರೆ ಅದು ತುಟಿ ಚಾಚುತ್ತಿತ್ತು.

ಮೇ ತಿಂಗಳಲ್ಲಿ ಕರುಗಳಿಗೆ ಕಾದ ಕಬ್ಬಿಣದಿಂದ ಒಡೆಯನ ಗುರುತಿನ ಮುದ್ರೆ ಹಾಕುವ ದಿನ ಬಂತು. ಆ ದಿನ ಸುತ್ತಿನವರೆಲ್ಲ ಒಂದು ಕಡೆ ಸೇರುತ್ತೇವೆ. ಈ ಸಲ ಕ್ಲೀವ್‌ನ ರಾಂಚಿನಲ್ಲಿ. ಆರ್ಡಿತ್ ಕುದುರೆಯ ಮೇಲೆ ಬಂದದ್ದು ಕಂಡು ಕ್ಲೀವ್ ಹತ್ತಿರ ಬಂದ. ಕೆಟ್ಟ ಮನುಷ್ಯನಲ್ಲ, ಮಾತು ಮಾತ್ರ ಒರಟು.

"ನೀನು ಒಳಗೆ ಹೆಂಗಸರ ಜೊತೆ ಇರು ಆರ್ಡಿತ್. ದನ ನುಗ್ಗಿದ್ರೆ ಒಂದು ಕೈಯಲ್ಲಿ ಏನು ಮಾಡ್ತೀಯ?"

"ಬಾಗಿಲಲ್ಲಿ ನಿಂತಿರ್ತೀನಿ," ಎಂದಳು ಅವಳು. "ಬಾಗಿಲಿಗೆ ಎರಡು ಕೈ ಇದೆಯಾ?"

ಕ್ಲೀವ್ ಹೆಗಲು ಕುಣಿಸಿ ಹೋದ. ಅವಳು ಬೇಲಿಯ ಬಾಗಿಲಿಗೆ ಅಡ್ಡ ಕುದುರೆ ನಿಲ್ಲಿಸಿಕೊಂಡು ಕೂತಳು.

ಮಧ್ಯಾಹ್ನದ ಹತ್ತಿರ ಒಂದು ದೊಡ್ಡ ಹಸು, ಕರುವಿನ ಕೂಗು ಕೇಳಿ, ನೆಲದಲ್ಲಿ ಕೂತು ಕೆಲಸ ಮಾಡುತ್ತಿದ್ದವರ ಮೇಲೆ ನುಗ್ಗಿತು. ಕ್ಲೀವ್ ಕುದುರೆ ಓಡಿಸಿ ಹಸುವಿನ ಕುತ್ತಿಗೆಗೆ ಕುಣಿಕೆ ಎಸೆದ. ಎಸೆತ ಸರಿಯಾಗಿಯೇ ಬಿತ್ತು. ಹಗ್ಗದ ಈ ತುದಿಯನ್ನು ಜೀನಿನ ಮುಂಭಾಗದ ಗೂಟದಂಥ ಕೊಂಬಿಗೆ ಸುತ್ತುವಾಗ ಅವನ ಹೆಬ್ಬೆರಳು ಸುತ್ತಿನೊಳಗೆ ಸಿಕ್ಕಿಬಿದ್ದಿತು. ಹಸು ತನ್ನ ಭಾರವನ್ನೆಲ್ಲ ಹಾಕಿ ಎಳೆಯಿತು. ಹಗ್ಗ ಬಿಗಿದುಕೊಂಡಿತು. ಹೀಗೆ ಹೆಬ್ಬೆರಳು ಕಳೆದುಕೊಂಡವರು ನಮ್ಮ ಕಡೆ ಒಬ್ಬಿಬ್ಬರಲ್ಲ. ಕ್ಲೀವ್‌ನ ಚಾಕು, ಸವಾರಿಗೆಂದು ಪ್ಯಾಂಟಿನ ಮೇಲೆ ಕಟ್ಟಿದ ಚರ್ಮದ ಹೊದಿಕೆಯ ಕೆಳಗಿನ ಜೇಬಿನಲ್ಲಿತ್ತು, ಮಡಚಿದ ಚಾಕು. ಒಂದು ಕೈ ಸಿಕ್ಕಿಕೊಂಡಿದೆ, ಇನ್ನೊಂದರಲ್ಲಿ ಲಗಾಮು. ಅವನ ಕುದುರೆಯ ಹಿಂಗಾಲು ಕೆಸರಿನಲ್ಲಿ ಜಾರತೊಡಗಿತು. ಅವನ ಮುಖ ಸುಣ್ಣದಂತೆ ಬೆಳ್ಳಗಾಯಿತು.

ನಾವೆಲ್ಲ ಕಾಲ್ನಡಿಗೆಯವರು, ದೂರ ಇದ್ದೆವು. ಆರ್ಡಿತ್ ಆಗಲೇ ಹೊರಟಾಗಿತ್ತು. ಲಗಾಮನ್ನು ಕುದುರೆಯ ಕುತ್ತಿಗೆಯ ಮೇಲೆ ಬಿಟ್ಟು, ಮೊಣಕಾಲಿನಲ್ಲೇ ಅದನ್ನು ನಡೆಸುತ್ತ, ಜೇಬಿನಿಂದ ಚಾಕು ತೆಗೆದಳು. ಕ್ಲೀವ್‌ನ ಪಕ್ಕಕ್ಕೆ ಬಂದು ಸೇರುವಾಗ ಅಲಗು ಹೊರಗಿತ್ತು. ಜೀನಿನ ಕೊಂಬಿನಿಂದ ಒಂದು ಗೇಣು ಮುಂದೆ, ಹಗ್ಗಕ್ಕೆ ಅಲಗು ಇಟ್ಟು ಒಮ್ಮೆ ಎಳೆದಳು. ಬಿಗಿದ ಹಗ್ಗ ಬಂದೂಕಿನಂತೆ ಸದ್ದು ಮಾಡಿ ತುಂಡಾಯಿತು. ಹಸು ಮುಗ್ಗರಿಸಿ ಬಿದ್ದು ಎದ್ದು, ಬೇಲಿಯ ಕಡೆ ಓಡಿತು. ಆರ್ಡಿತ್ ಅಲಗನ್ನು ಒಳಗೆ ಎಳೆದು, ಚಾಕು ಜೇಬಿಗೆ ಸಿಕ್ಕಿಸಿ, ಆಮೇಲೆ ಲಗಾಮು ಎತ್ತಿಕೊಂಡು ಹಸುವಿನ ಹಿಂದೆ ಹೋದಳು. ಅವಳು ಅಡ್ಡ ನಿಂತಿದ್ದ ಬಾಗಿಲು ಈಗ ತೆರೆದೇ ಇತ್ತಲ್ಲ, ಅದಕ್ಕೆ.

ಕ್ಲೀವ್‌ನ ಹೆಬ್ಬೆರಳು ಉಳಿಯಿತು. ಉಗುರು ಹೋಯಿತು, ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತು, ಆದರೆ ಮೂಳೆ ಗಟ್ಟಿಯಾಗಿತ್ತು. ಊಟದ ಹೊತ್ತಿಗೆ ಅವನು ತಣ್ಣೀರಿನ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಕೂತಿದ್ದ. ಹುರುಳಿಕಾಯಿ, ಬೀಫ್, ಸೇಬಿನ ಪೈ ಎಲ್ಲ ಮೇಜಿನ ಮೇಲಿತ್ತು. ಅವನೇ ಮೊದಲು ಮಾತು ತೆಗೆದ.

"ಬೆಳಿಗ್ಗೆ ಆಡಿದ ಮಾತು ವಾಪಸ್ ತಗೊಂಡೆ ಆರ್ಡಿತ್."

"ತಗೊಂಡು ಎಲ್ಲಿ ಇಟ್ಕೋತೀಯ?" ಎಂದಳು ಅವಳು. "ಕೈ ಖಾಲಿ ಇಲ್ವಲ್ಲ."

ಮೇಜಿನ ಸುತ್ತ ಕೂತಿದ್ದವರೆಲ್ಲ ನಕ್ಕರು, ಕ್ಲೀವ್ ಕೂಡ ನಕ್ಕ. ಆಮೇಲೆ ಆರ್ಡಿತ್ ಅವನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅವನ ಮಾಂಸವನ್ನು ತುಂಡು ತುಂಡು ಮಾಡಿಕೊಟ್ಟಳು. ಅವನು ತಲೆ ತಗ್ಗಿಸಿ ತಿಂದ. ಮರುವರ್ಷದಿಂದ ಸುತ್ತಿನ ಯಾವ ರಾಂಚಿನಲ್ಲಿ ಮುದ್ರೆ ಹಾಕಿದರೂ, ದನ ಸುತ್ತುವರಿಯುವ ಸವಾರರಲ್ಲಿ ಮೊದಲ ಕರೆ ಅವಳಿಗೇ ಬರುತ್ತಿತ್ತು.

ಈ ಸುದ್ದಿ ಪೇಟೆಯ ಆಸ್ಪತ್ರೆಗೂ ಮುಟ್ಟಿತು. ಕೈ ಕಳೆದುಕೊಂಡವರಿಗೆ ವ್ಯಾಯಾಮ ಕಲಿಸುವ ನರ್ಸ್ ಒಬ್ಬಳು, ಬಂದು ನಾಲ್ಕು ಮಾತಾಡಬೇಕೆಂದು ಕೇಳಿದಳು. ಆರ್ಡಿತ್‌ಗೆ ಗೂಳಿಯ ಮುಂದೆ ನಿಲ್ಲಲು ಹೆದರಿಕೆಯಿಲ್ಲ, ಜನರ ಮುಂದೆ ನಿಂತು ಮಾತಾಡಲು ಹೆದರಿಕೆ. ಆದರೂ ಒಪ್ಪಿ, ನನ್ನನ್ನೂ ಜೊತೆಗೆ ಕರೆದುಕೊಂಡಳು. ಆಸ್ಪತ್ರೆಯೊಳಗೆ ಚಾಕು ತರುವಂತಿಲ್ಲವಾದ್ದರಿಂದ ಅದನ್ನು ಪಿಕಪ್ ಗಾಡಿಯಲ್ಲೇ ಬಿಟ್ಟು ಹೋದೆವು. ಒಳಗೆ ಆರೇಳು ಜನ ಇದ್ದರು. ಮರದ ಮಿಲ್ಲಿನಲ್ಲಿ ಬಲಗೈ ಕಳೆದುಕೊಂಡ ಟ್ವೈಲಾ ಎಂಬ ಹೆಂಗಸು, ಸಕ್ಕರೆ ಕಾಯಿಲೆಗೆ ಬೆರಳುಗಳನ್ನು ಕೊಟ್ಟ ಒಬ್ಬ ಬಸ್ ಚಾಲಕ, ಹೀಗೆ. ಆರ್ಡಿತ್ ನರ್ಸಿನ ಬಾಲ್‌ಪೆನ್ ತೆಗೆದುಕೊಂಡು, ಟಕ್ ಎಂದು ಒತ್ತಿ, ಚಾಕು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದಳು. ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಅವಳಿಗೆ ಬೇಸರ ಬಂತು. ಎಲ್ಲರೂ ಎದ್ದು ಹೊರಗೆ ಬನ್ನಿ ಎಂದಳು.

ಪಾರ್ಕಿಂಗ್ ಜಾಗದಾಚೆ, ರಸ್ತೆಯ ಬದಿಗೆ ಪಿಕಪ್ ನಿಲ್ಲಿಸಿ, ಹಿಂದಿನ ಹಲಗೆ ಇಳಿಸಿ, ಒಂದು ಹುಲ್ಲಿನ ಪಿಂಡಿ ಇಟ್ಟಳು. ಚಾಕು ಒಬ್ಬೊಬ್ಬರ ಕೈಗೂ ಹೋಯಿತು. ತನ್ನಂಥದ್ದನ್ನೇ ಕೊಂಡುಕೊಳ್ಳಿ ಎಂದು ಅವಳು ಯಾರಿಗೂ ಹೇಳಲಿಲ್ಲ. ನಿಮ್ಮ ಹೆಬ್ಬೆರಳಿಗೆ ಯಾವುದು ಕೂರುತ್ತೋ ಅದು, ನೀವು ದಿನಾ ಏನು ಕೊಯ್ಯುತ್ತೀರೋ ಅದನ್ನು ಜೇಬಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ ಎಂದಳು. ಟ್ವೈಲಾಳ ಸರದಿ ಬಂದಾಗ ಅವಳು ಎಡಗೈಯಲ್ಲಿ ಚಾಕು ಹಿಡಿದು ಹೆಬ್ಬೆರಳಿನಿಂದ ತಳ್ಳಿದಳು. ಗುಂಡಿ ಎರಡು ಸಲ ಜಾರಿತು. ಬಸ್ ಚಾಲಕ ಸಹಾಯಕ್ಕೆ ಕೈ ಚಾಚಿದ. ಆರ್ಡಿತ್ ಅವನ ಮೊಣಕೈ ಹಿಡಿದು ನಿಲ್ಲಿಸಿದಳು. ಮೂರನೆಯ ಸಲ ಅಲಗು ಬಂತು. ಟ್ವೈಲಾ ಹುರಿಯ ಮೇಲೆ ಅದನ್ನು ಇಟ್ಟು ಎಳೆದಳು. ಪಿಂಡಿಯ ಒಂದು ಬದಿ ಬಿಚ್ಚಿಕೊಂಡು ಒಣ ಹುಲ್ಲಿನ ವಾಸನೆ ರಸ್ತೆಯುದ್ದಕ್ಕೂ ಹರಡಿತು.

"ಇನ್ನೊಂದು ಹುರಿ ಇದೆ," ಎಂದಳು ಟ್ವೈಲಾ, ಯಾರ ಮುಖವನ್ನೂ ನೋಡದೆ. "ಅದೂ ನಾನೇ ಕೊಯ್ತೀನಿ."