ತೊಟ್ಟಿಯ ಪಕ್ಕದಲ್ಲಿ ಇಟ್ಟದ್ದು

ಗೇಶೆ ಟ್ಯಾರ್ಕ್ಸ್ ಕಸದ ತೊಟ್ಟಿಗಳ ಬಗ್ಗೆ ಮಾತಾಡಲು ಎದ್ದರೆ ವಾರ್ಡ್ ಸಮಿತಿಯ ಉಳಿದ ಸದಸ್ಯರು ಕುರ್ಚಿಯಲ್ಲಿ ಸ್ವಲ್ಪ ಜಾರಿ ಕೂರುತ್ತಿದ್ದರು. ಇನ್ನು ಅರ್ಧ ಗಂಟೆ ಏಳುವಂತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಔಷಧಿ ಅಂಗಡಿಯ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಸಮಿತಿಗೆ ನಿಂತು ಗೆದ್ದದ್ದೇ ಈ ತೊಟ್ಟಿಗಳ ಸಲುವಾಗಿ. ಬಡಾವಣೆಯಲ್ಲಿ ಇದ್ದದ್ದು ಕಂಬಕ್ಕೆ ತೂಗುಹಾಕಿದ ತಂತಿಬುಟ್ಟಿಗಳು. ಬೆಳಗಾದರೆ ನದಿಯ ಕಡೆಯಿಂದ ಕಡಲಹಕ್ಕಿಗಳು ಬಂದು ಕೂತು, ಒಳಗಿದ್ದುದನ್ನೆಲ್ಲ ಎಳೆದು ಬೀದಿಗೆ ಹರಡುತ್ತಿದ್ದವು. ಪೌರಕಾರ್ಮಿಕರು ಗುಡಿಸಿ ಮುಂದಿನ ಬೀದಿಗೆ ತಿರುಗುವಷ್ಟರಲ್ಲಿ ಹಿಂದಿನ ಬೀದಿ ಮತ್ತೆ ಹಾಗೇ ಆಗಿರುತ್ತಿತ್ತು.

ನೇಕಾರರ ಬೀದಿಯ ಮೂಲೆಯಲ್ಲಿ ಎಕ್ರೆಮನ ಗೂಡಂಗಡಿ. ಪತ್ರಿಕೆ, ಸಿಗರೇಟು, ಬಿಯರು, ಕಾಫಿ. ಎದುರಿಗೇ ಒಂದು ತಂತಿಬುಟ್ಟಿ. ಶನಿವಾರ ಬೆಳಿಗ್ಗೆ ಗೇಶೆ ಅಲ್ಲಿಗೆ ಬಂದು, ನಿಂತು ಕುಡಿಯುವ ಎತ್ತರದ ಮೇಜಿನ ಬಳಿ ಕಾಫಿ ಹಿಡಿದು ನಿಲ್ಲುತ್ತಿದ್ದಳು. ಎಕ್ರೆಮ್ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವನ ಅಪ್ಪ ಅಮ್ಮ ಟರ್ಕಿಯಿಂದ ತಂದ ಅಭ್ಯಾಸ ಅದು. ಗಿರಾಕಿ ಹೆಂಗಸರಲ್ಲಿ ಹಿರಿಯರೆಲ್ಲ ಅವನಿಗೆ ಅಕ್ಕಂದಿರೇ.

"ಏನಕ್ಕಾ, ಇವತ್ತು ಯಾವ ತೊಟ್ಟಿ ತಪಾಸಣೆ?"

"ನಿನ್ನ ಅಂಗಡಿ ಮುಂದಿಂದೇ. ನೋಡು, ಇಲ್ಲಿರೋದೆಲ್ಲ ನಿನ್ನ ಕಾಫಿ ಲೋಟ."

"ಹಕ್ಕಿಗಳಿಗೂ ಒಂದು ನೋಟಿಸ್ ಕಳಿಸಿ ಅಕ್ಕಾ. ನಾನೊಬ್ನೇ ಎಷ್ಟು ಅಂತ ದಂಡ ಕಟ್ಲಿ."

ಅವಳು ಶನಿವಾರ ಬರುತ್ತಿದ್ದುದು ತಪಾಸಣೆಗಲ್ಲ ಎಂದು ಎಕ್ರೆಮನಿಗೆ ಗೊತ್ತಿತ್ತು. ಬರುವಾಗ ಒಂದು ಬಟ್ಟೆ ಚೀಲ ತಂದು ತಂತಿಬುಟ್ಟಿಯ ಬುಡದಲ್ಲಿ ಇಡುತ್ತಿದ್ದಳು. ಚೀಲದಲ್ಲಿ ಖಾಲಿ ಬಾಟಲಿಗಳು. ಅಂಗಡಿಗೆ ಹಿಂತಿರುಗಿಸಿದರೆ ಠೇವಣಿ ವಾಪಸು ಬರುವಂಥವು. ಅಂಥ ಬಾಟಲಿಯನ್ನು ಆ ಊರಿನವರು ತೊಟ್ಟಿಯ ಒಳಗೆ ಹಾಕುವುದಿಲ್ಲ, ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಬೇಕಾದವರು ಒಯ್ಯುತ್ತಾರೆ. ಇಟ್ಟವರು ಯಾರು ಎಂದು ಇವರು ನೋಡುವುದಿಲ್ಲ, ಒಯ್ದವರು ಯಾರು ಎಂದು ಅವರು ಕೇಳುವುದಿಲ್ಲ. ಗೇಶೆಯ ಚೀಲದಲ್ಲಿ ಬಾಟಲಿಗಳ ನಡುವೆ ಕಾಗದದಲ್ಲಿ ಸುತ್ತಿದ ರೈ ರೊಟ್ಟಿ, ಒಂದು ತುಂಡು ಹೊಗೆಯಾಡಿಸಿದ ಮೀನು, ಚಳಿಗಾಲವಾದರೆ ಉಣ್ಣೆಯ ಕಾಲುಚೀಲ ಇರುತ್ತಿದ್ದವು.

ಸ್ವಲ್ಪ ಹೊತ್ತಿಗೆ ಐಲರ್ಟ್ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದ. ಗೇಶೆಯ ತಮ್ಮ.

ದೋಣಿ ಕಟ್ಟುವ ಬಡಗಿ ಅವನು, ಒಳ್ಳೆಯ ಬಡಗಿ. ಕಾರ್ಖಾನೆ ಮುಚ್ಚಿತು, ಕುಡಿತ ಹಿಡಿಯಿತು, ಹೆಂಡತಿ ಬಿಟ್ಟುಹೋದಳು. ಇಂಥ ಕತೆಗಳಲ್ಲಿ ಯಾವುದು ಮೊದಲಾಯಿತು ಎನ್ನುವುದು ಹೇಳುವವರನ್ನು ನೋಡಿಕೊಂಡು ಬದಲಾಗುತ್ತದೆ. ಗೇಶೆ ಒಂದು ಚಳಿಗಾಲ ಅವನನ್ನು ಮನೆಯಲ್ಲಿ ಇಟ್ಟುಕೊಂಡಳು. ಏಳುವ ಹೊತ್ತು, ಸ್ನಾನದ ಹೊತ್ತು, ಮನೆ ಸೇರುವ ಹೊತ್ತು ಎಲ್ಲ ಹೇಳಿಕೊಟ್ಟಳು. ವಸಂತದಲ್ಲಿ ಅವನು ಹಾಸಿಗೆಯನ್ನು ಅಚ್ಚುಕಟ್ಟಾಗಿ ಮಡಿಸಿಟ್ಟು ಹೋದ. ಆಮೇಲೆ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಸರ್ಕಾರದ್ದೂ ಬೇಡ, ಇಗರ್ಜಿಯ ಸೂಪೂ ಬೇಡ. ಕಸಕ್ಕೆ ಕೈ ಹಾಕಿದವನೂ ಅಲ್ಲ. ತೊಟ್ಟಿಯ ಪಕ್ಕದಲ್ಲಿ ಇಟ್ಟದ್ದು ಮಾತ್ರ ಯಾರದೂ ಅಲ್ಲ. ಅದನ್ನು ಅವನು ಎತ್ತಿಕೊಳ್ಳುತ್ತಿದ್ದ.

ಚೀಲ ಯಾರದೆಂದು ಅವನಿಗೆ ತಿಳಿಯದೆ ಇರಲಿಲ್ಲ. ಮುಂದಿನ ಶನಿವಾರ ಆ ಬಟ್ಟೆ ಚೀಲ ಮಡಿಸಿಕೊಂಡು ಕಂಬದ ಕೊಕ್ಕೆಯಲ್ಲಿ ತೂಗುತ್ತಿತ್ತು. ಮೇಜಿನ ಬಳಿ ನಿಂತ ಅಕ್ಕನ ಕಡೆ ನೋಡಿ ಟೋಪಿ ಮುಟ್ಟುತ್ತಿದ್ದ. ಮನಸ್ಸಿದ್ದರೆ, "ಗಾಳಿ ತಿರುಗ್ತು ಗೇಶೆ," ಎನ್ನುತ್ತಿದ್ದ. "ಹೂಂ, ಮಳೆ ಬರತ್ತೆ," ಎನ್ನುತ್ತಿದ್ದಳು ಅವಳು. ಅಷ್ಟೇ. ಅಷ್ಟರಲ್ಲೇ ಅವಳು ಅವನ ಕೆಮ್ಮು, ಬೂಟು, ನಡಿಗೆ ಎಲ್ಲವನ್ನೂ ಗಮನಿಸುತ್ತಿದ್ದಳು. ಅವನು ಬದುಕಿದ್ದಾನೆ ಎಂದು ತಿಳಿಯಲು ಅವಳಿಗಿದ್ದ ದಾರಿ ಅದೊಂದೇ.

ಕೊನೆಗೆ ನಗರಸಭೆ ಹೊಸ ತೊಟ್ಟಿಗಳಿಗೆ ಒಪ್ಪಿತು. ಮುಚ್ಚಳವಿರುವ ಗಟ್ಟಿ ತೊಟ್ಟಿ, ಹಕ್ಕಿಯ ಕೊಕ್ಕು ಹೋಗದಂಥದು. ಜೊತೆಗೆ ಒಂದು ಕಟ್ಟುಪಾಡು: ತೊಟ್ಟಿಯ ಸುತ್ತ ನೆಲದ ಮೇಲೆ ಏನೂ ಇರಕೂಡದು, ಇದ್ದರೆ ಬೆಳಗಿನ ಕಸದ ಗಾಡಿಯವರು ಎತ್ತಿ ಎಸೆಯುತ್ತಾರೆ. ಇದು ಬರುತ್ತದೆಂದು ಗೇಶೆ ಮೊದಲೇ ಊಹಿಸಿದ್ದಳು. ಅದಕ್ಕೇ ತೊಟ್ಟಿಯ ಹೊರಮೈಗೆ, ಸೊಂಟಪಟ್ಟಿಯ ಹಾಗೆ, ಬಾಟಲಿ ನಿಲ್ಲಿಸುವ ಕಬ್ಬಿಣದ ಬಳೆಯೊಂದು ಇರಬೇಕೆಂದು ಸೂಚನೆ ಬರೆದುಕೊಟ್ಟಿದ್ದಳು. ನೆಲವೂ ಚೊಕ್ಕಟ, ಬಾಟಲಿಗೂ ಜಾಗ. ಸಮಿತಿಯಲ್ಲಿ ಕೆಲವರಿಗೆ ಅದು ಬೇಡವಾಗಿತ್ತು. ಕಣಜದ ಹುಳು ಬರುತ್ತದೆ, ಗಾಜು ಒಡೆಯುತ್ತದೆ, ಬಾಟಲಿ ಆಯುವವರು ಹೆಚ್ಚುತ್ತಾರೆ ಎಂದು ವಾದ. ಬಳೆಯ ಪ್ರಶ್ನೆಯನ್ನು ಬೇರೆಯಾಗಿ ಮತಕ್ಕೆ ಹಾಕುವುದೆಂದಾಯಿತು.

ಸಭೆಯ ದಿನ ಅಧ್ಯಕ್ಷ ಓನ್ನೋ ವ್ಯೂಬೆನ್ ಪ್ರತಿ ಸಲದಂತೆ ಆ ಸಾಲನ್ನು ಓದಿದ: ಮತಕ್ಕೆ ಬಂದ ವಿಷಯದಲ್ಲಿ ತನಗಾಗಲಿ ತನ್ನ ಹತ್ತಿರದ ಸಂಬಂಧಿಗಾಗಲಿ ಲಾಭವಿರುವ ಸದಸ್ಯರು ತಿಳಿಸಿ ಹೊರಗೆ ಹೋಗತಕ್ಕದ್ದು. ಓದುತ್ತಲೇ ಪುಟ ತಿರುವಿದ. ಆ ಸಾಲಿಗೆ ಯಾರೂ ಯಾವತ್ತೂ ಎದ್ದವರಲ್ಲ.

ಗೇಶೆ ಎದ್ದಳು.

"ನನ್ನ ತಮ್ಮ ಬಾಟಲಿ ಆಯ್ತಾನೆ," ಎಂದಳು. "ನಾನು ಹೊರಗೆ ಹೋಗ್ಬೇಕು."

ಯಾರೂ ಅವಳ ಮುಖ ನೋಡಲಿಲ್ಲ. ಅವಳಿಗೊಬ್ಬ ತಮ್ಮ ಇದ್ದಾನೆಂಬುದೇ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಅವಳು ಬಾಗಿಲು ಎಳೆದುಕೊಂಡು ಹೋಗಿ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತಳು. ಬೇರೆಯವರು ಹೀಗೆ ನಡೆದುಕೊಳ್ಳಬೇಕೆಂದು ಎಷ್ಟೋ ಸಲ ಹೇಳಿದ್ದಳು. ತನ್ನ ಸರದಿ ಬಂದಾಗ ತಪ್ಪಿಸಿಕೊಳ್ಳಲಿಲ್ಲ ಎಂಬ ನೆಮ್ಮದಿ ಇತ್ತು. ಸ್ವಲ್ಪ ಹೆಮ್ಮೆಯೂ ಇತ್ತು.

ಮತ ಸಮಸಮ ಬಿತ್ತು. ಮತ ಸಮವಾದರೆ ಸೂಚನೆ ಸೋತಂತೆಯೇ ಲೆಕ್ಕ.

ಸಭೆ ಮುಗಿದ ಮೇಲೆ ಓನ್ನೋ ಅವಳ ಕೋಟು ಹಿಡಿದು ನಿಂತಿದ್ದ. "ಗೇಶೆ, ನೀನು ಎದ್ದು ಹೋಗ್ಬೇಕಾಗೇ ಇರ್ಲಿಲ್ಲ."

"ನಿಯಮ ಓದಿದ್ದು ನೀನೇ."

"ಅದು ಪಕ್ಕದ ಸೈಟು ಮಾರೋರಿಗೆ, ಗುತ್ತಿಗೆದಾರನ ಹೆಂಡ್ತಿಗೆ. ಊರಲ್ಲಿ ಬಾಟಲಿ ಆಯೋರು ನೂರಾರು ಜನ. ಅಷ್ಟು ಜನರಲ್ಲಿ ಒಬ್ಬ ನಿನ್ನ ತಮ್ಮ ಆದ್ರೆ ಅದು ಸಂಬಂಧದ ಲಾಭ ಅಲ್ಲ. ಕೆಳಗಡೆ ಸಾಲಲ್ಲೇ ಇದೆ."

"ಆಗ್ಲೇ ಹೇಳ್ಬೇಕಿತ್ತು."

"ನೀನು ಹೋದ ವೇಗಕ್ಕೆ ಬಾಯಿ ತೆಗೆಯೋದು ಯಾವಾಗ? ಮತ್ತೆ..." ಓನ್ನೋ ತಡವರಿಸಿದ. "ನಿನಗೆ ಗೊತ್ತಿಲ್ಲದ ನಿಯಮ ಇರತ್ತೆ ಅಂತ ನಮ್ಗೆ ಅನ್ನಿಸ್ಲೇ ಇಲ್ಲ."

ಬೇಸಿಗೆಯ ಹೊತ್ತಿಗೆ ಹೊಸ ತೊಟ್ಟಿಗಳು ಬಂದವು. ನೇಕಾರರ ಬೀದಿ ಅಷ್ಟು ಚೊಕ್ಕಟವಾಗಿದ್ದುದನ್ನು ಹಳಬರೂ ಕಂಡಿರಲಿಲ್ಲ. ಜನ ರಸ್ತೆಯಲ್ಲಿ ನಿಲ್ಲಿಸಿ ಗೇಶೆಯ ಕೈ ಕುಲುಕಿದರು. ಬಡಾವಣೆಯ ಪತ್ರಿಕೆಯವರು ಅವಳನ್ನು ತೊಟ್ಟಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಕಡಲಹಕ್ಕಿಗಳು ಮುಚ್ಚಳದ ಮೇಲೆ ಕೂತು ಸ್ವಲ್ಪ ದಿನ ಕೂಗಾಡಿ, ಮೀನು ಮಾರುಕಟ್ಟೆಗೆ ಹೋದವು.

ಮೊದಲ ಶನಿವಾರ ಅವಳಿಟ್ಟ ಚೀಲವನ್ನು ಗಾಡಿಯವರು ಎತ್ತಿಹಾಕಿದರು. ಅವಳೇ ಹಟ ಹಿಡಿದು ತರಿಸಿದ ತೊಟ್ಟಿ, ಅದರ ಜೊತೆಗೆ ಬಂದ ನಿಯಮ. ಅವರನ್ನು ತಡೆಯಲು ಬಾಯಿ ಬರಲಿಲ್ಲ. ಐಲರ್ಟ್ ಬಂದ, ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿದ, ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದ. ತೆಗೆಯಲಿಲ್ಲ. ಖಾಲಿ ಗಾಡಿ ತಳ್ಳಿಕೊಂಡು ಹೋದ. ಎರಡನೆಯ ಶನಿವಾರವೂ ಹಾಗೇ ಆಯಿತು.

ಮೂರನೆಯ ಸಲ ಗೇಶೆಗೆ ತಡೆಯಲಾಗಲಿಲ್ಲ. ಕಾಫಿ ಬಿಟ್ಟು, ರಸ್ತೆ ದಾಟಿ, ಚೀಲವನ್ನು ಅವನ ಮುಂದೆ ಹಿಡಿದಳು.

"ತಗೋ ಐಲರ್ಟ್. ಬಾಟಲಿ ಅಷ್ಟೇ."

ಅವನು ಚೀಲ ನೋಡಲಿಲ್ಲ. ಅವಳ ಹಿಂದೆ, ಅಂಗಡಿಯ ಮುಂದೆ ಸಾಲಾಗಿ ನಿಂತಿದ್ದ ಜನರನ್ನು ನೋಡಿದ.

"ಬೇಡ ಮೇಡಂ," ಎಂದ.

"ಯಾರೋ ಮೇಡಂ? ನಾನು ಕಣೋ."

"ಗೊತ್ತಾಯ್ತು. ಪೇಪರ್‌ನಲ್ಲಿ ನೋಡ್ದೆ ನಿಮ್ಮನ್ನ. ಬೀದಿ ಚೆನ್ನಾಗಿ ಮಾಡಿಸಿದೀರಿ."

ಅದರಲ್ಲಿ ಕುಹಕವೇನೂ ಇರಲಿಲ್ಲ. ಕುಹಕವಿದ್ದಿದ್ದರೆ ಅವಳು ಬೈದಾದರೂ ಬಿಡುತ್ತಿದ್ದಳು. ಅವನು ಟೋಪಿ ಮುಟ್ಟಿ, ಅಪರಿಚಿತರ ನಡುವೆ ದಾರಿ ಮಾಡಿಕೊಳ್ಳುವವರ ಹಾಗೆ ಗಾಡಿಯನ್ನು ಬದಿಗೆ ತಿರುಗಿಸಿ, ಸೇತುವೆಯ ಕಡೆಗೆ ಹೋದ.

ಎಕ್ರೆಮ್ ಅಂಗಡಿಯಿಂದ ಹೊರಗೆ ಬಂದಿದ್ದ. "ಚೀಲ ಇಲ್ಲಿ ಕೊಡಿ ಅಕ್ಕಾ. ನಾನು ಹಿಂದುಗಡೆ ಇಟ್ಟಿರ್ತೀನಿ. ಮರೆತು ಹೋದೋರ್ದು ಅಂತೀನಿ."

"ಅವನು ಬಂದು ಕೇಳ್ಬೇಕಲ್ಲ."

"ಕೇಳ್ತಾನೆ ಬಿಡಿ."

ಕೇಳಲಿಲ್ಲ. ಶರತ್ಕಾಲವಿಡೀ ಗೇಶೆ ಸೇತುವೆಯಾಚೆ, ರೈಲು ನಿಲ್ದಾಣ, ಬಂದರಿನ ಗೋದಾಮುಗಳ ಹಿಂದೆ ಎಲ್ಲ ಹುಡುಕಿದಳು. ಬಾಟಲಿ ಆಯುವವರಲ್ಲಿ ಕೆಲವರಿಗೆ ಅವನ ಗುರುತಿತ್ತು. "ಆ ಬಡಗಿನಾ? ಅವ್ನು ಯಾರ ಜೊತೆನೂ ಸೇರಲ್ಲಮ್ಮ," ಎಂದಳೊಬ್ಬ ಮುದುಕಿ. "ತೊಟ್ಟಿಗೆ ಕೈ ಹಾಕು ಅಂದ್ರೆ ಮಹಾರಾಜನ ಹಾಗೆ ಮುಖ ಮಾಡ್ತಾನೆ. ಹಾಗಿದ್ರೆ ಈಗ ಹೊಟ್ಟೆ ತುಂಬತ್ತಾ?"

ಸುದ್ದಿ ತಂದವನು ಎಕ್ರೆಮನ ಅಂಗಡಿಗೆ ಬಿಯರು ಹಾಕುವ ಲಾರಿಯವನು. ಊರಾಚೆಯ ಕೈತೋಟಗಳ ಒಂದು ಗುಡಿಸಿಲಲ್ಲಿ ಕೈಗಾಡಿಯ ಮುದುಕನೊಬ್ಬ ಜ್ವರದಲ್ಲಿ ಬಿದ್ದಿದ್ದನಂತೆ, ಆಂಬುಲೆನ್ಸ್ ಒಯ್ದಿತಂತೆ. ಆಗಲೇ ಹಿಮ ಕರಗಿ ಹೋಗಿತ್ತು. ಎಕ್ರೆಮ್ ಅಂಗಡಿಗೆ ಬಾಗಿಲು ಹಾಕಿ ಅವಳನ್ನು ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ.

ಕಿಟಕಿಯ ಹಿಂದಿನ ಹೆಂಗಸು ಹೆಸರು ಕೇಳಿ, ಕಂಪ್ಯೂಟರಿನ ಪರದೆ ನೋಡಿ, ದನಿ ತಗ್ಗಿಸಿದಳು. "ನೀವು ಅವ್ರಿಗೆ ಏನಾಗ್ಬೇಕು?"

"ಅಕ್ಕ."

"ಅವ್ರು ಜನವರಿಲಿ ತೀರ್ಕೊಂಡ್ರು. ಹತ್ತಿರದೋರು ಯಾರೂ ಇಲ್ಲ ಅಂತ ಅವ್ರೇ ಅಂದಿದ್ರು. ನಾವು ಇನ್ನೊಂದು ಸಲಾನೂ ಕೇಳಿದ್ವಿ."

ಎಕ್ರೆಮ್ ಏನೋ ಹೇಳಹೋದ. ಗೇಶೆ ಅವನ ತೋಳು ಹಿಡಿದು ತಡೆದಳು.

ಯಾರೂ ಇಲ್ಲದವರನ್ನು ನಗರಸಭೆಯೇ ಸುಟ್ಟು, ದೊಡ್ಡ ಸ್ಮಶಾನದ ಹುಲ್ಲುಹಾಸಿನ ಕೆಳಗೆ ಇಡುತ್ತದೆ. ಮೇಲೆ ಕಲ್ಲಿಲ್ಲ, ಹೆಸರಿಲ್ಲ. ಅಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮಾಲಿ ಯಂತ್ರ ನಿಲ್ಲಿಸಿ, ಜನವರಿಯವರೆಲ್ಲ ಆ ಬೇಲಿಯ ಕಡೆ ಇರಬೇಕು ಎಂದು ಕೈ ತೋರಿಸಿದ. ಬೇಲಿ ಉದ್ದವಾಗಿತ್ತು. ಗೇಶೆ ಅದರ ಗುಂಟ ಸ್ವಲ್ಪ ದೂರ ನಡೆದಳು, ನಿಂತಳು, ಮತ್ತೆ ಸ್ವಲ್ಪ ನಡೆದಳು. ಕಾಲ ಕೆಳಗಿನ ಹುಲ್ಲು ಎಲ್ಲ ಕಡೆ ಒಂದೇ ಸಮ ಇತ್ತು. ಎಲ್ಲಿ ನಿಲ್ಲಬೇಕೆಂದು ಅವಳಿಗೆ ತಿಳಿಯಲಿಲ್ಲ.