ಒಂದೇ ಗುಟುಕಿಗೆ ಗುಣವಾಗಬೇಕಂತೆ ಭುಜ!

"ನಿಮ್ಗೆ ಇಲ್ಲಿ ಮಂತ್ರ ಬರುದಿಲ್ವಾ ಡಾಕ್ಟ್ರೆ?"

ಕಾಣಿಯೂರಿನ ಸುಧಾಕರಣ್ಣ ನನ್ನ ಕ್ಲಿನಿಕ್ಕಿನ ಗೋಡೆಗೆ ಮುಖ ಮಾಡಿ ನಿಂತು ಹೀಗೆ ಕೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ನಾನು ಪುತ್ತೂರಿನಲ್ಲಿ ಫಿಸಿಯೋಥೆರಪಿಸ್ಟ್. ಅವರು ಪಂಜದ ಹತ್ತಿರ ಸ್ಕೂಟರಿನಿಂದ ಬಿದ್ದು ಭುಜ ಮುರಿದುಕೊಂಡವರು. ಮೂಳೆ ಕೂಡಿದೆ, ಭುಜ ಮಾತ್ರ ಬಿಗಿದುಕೊಂಡಿದೆ. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ ಕೈಯನ್ನು ಮೇಲಕ್ಕೆ ಒಯ್ಯಬೇಕು. ನೋಯುತ್ತದೆ. ಆದರೂ ದಿನಾ ಮಾಡಬೇಕು. ಮನೆಯಲ್ಲಿ ಮಾಡಿದ್ರಾ ಎಂದು ಕೇಳಿದ್ದಕ್ಕೆ ಬಂದ ಉತ್ತರ ಇದು!

ಅವರು ಹಾಗೆ ಕೇಳಲು ಕಾರಣ ಇದೆ. ಭಾನುವಾರ ಮಧ್ಯಾಹ್ನ ನಾನು ಮಂತ್ರವಾದಿ. ನಗಬೇಡಿ. ಸುಳ್ಯದ ಕಾಲೇಜೊಂದರಲ್ಲಿ ಪಾಠ ಮಾಡುವ ಪಕ್ಕದ ಮನೆಯ ಶ್ರಾವ್ಯ ನಮಗೊಂದು ಆಟದ ಹುಚ್ಚು ಹಿಡಿಸಿದ್ದಾಳೆ. ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ. ಕಥೆ ನಡೆಸುವವಳು ಅವಳು, ಅದರೊಳಗಿನ ಪಾತ್ರಗಳು ನಾವು. ಏನು ಮಾಡುತ್ತೇವೆಂದು ನಾವು ಹೇಳಬೇಕು, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಸುಧಾಕರಣ್ಣ ಕತ್ತಿ ಹಿಡಿದ ವೀರ. ಅವರ ಹೆಂಡತಿ ವನಿತಾ ಬಿಲ್ಲುಗಾರ್ತಿ. ನಾನು ಗಾಯ ವಾಸಿ ಮಾಡುವವಳು. (ಅಲ್ಲೂ ಅದೇ ಕೆಲಸ. ಹಣೆಬರಹ!)

ಆ ಲೋಕದ ವೈದ್ಯಶಾಸ್ತ್ರ ಕೇಳಿ. ರಾಕ್ಷಸನ ಗದೆ ಬಡಿದು ನಮ್ಮ ವೀರರ ಪಕ್ಕೆಲುಬು ಪುಡಿಯಾಗುತ್ತದೆ. ಎಷ್ಟು ಜೀವ ಉಳಿದಿದೆಯೆಂದು ಲೆಕ್ಕ ಹಾಕುವ ಲೈಫ್ ಪಾಯಿಂಟ್ ಪಾತಾಳಕ್ಕೆ ಇಳಿಯುತ್ತದೆ. ನಾನು ಕೈ ಇಟ್ಟು ದಾಳ ಉರುಳಿಸುತ್ತೇನೆ. ಎದ್ದು ಕೂತರು! ಅದಾಗದಿದ್ದರೆ ಒಂದು ಸೀಸೆ ಕೆಂಪು ಮದ್ದು ಗಟಗಟ. ಅದೂ ಇಲ್ಲದಿದ್ದರೆ ಒಂದು ನಿದ್ದೆ, ಎದ್ದಾಗ ಮೈಯೆಲ್ಲ ಹೊಸತು. ಊತ ಇಲ್ಲ, ಡ್ರೆಸ್ಸಿಂಗ್ ಇಲ್ಲ, ಪಥ್ಯ ಮೊದಲೇ ಇಲ್ಲ. ಇದು ಯಾವ ಊರಿನ ಶರೀರ ಮಾರಾಯ್ರೆ?

ಆಟದಲ್ಲಿ ಇದ್ದುಕೊಳ್ಳಲಿ. ಆದರೆ ನನ್ನಲ್ಲಿಗೆ ಬರುವವರಿಗೂ ಆ ಕೆಂಪು ಸೀಸೆಯೇ ಬೇಕಾದರೆ? "ಒಂದು ಇಂಜೆಕ್ಷನ್ ಕೊಟ್ಟು ಬಿಡಿ" ಅನ್ನುವವರಿಗೆ ಏನು ಹೇಳಲಿ?

ಹಾಗಾಗಿ ಕಳೆದ ಭಾನುವಾರ ಹಟ ಹಿಡಿದೆ. "ಇವತ್ತು ನಾನು ಮಂತ್ರ ಹಾಕುದಿಲ್ಲ. ಗಾಯ ಆದ್ರೆ ನಿಜವಾದ ಗಾಯದ ಹಾಗೆಯೇ ಗುಣ ಆಗ್ಬೇಕು."

ಶ್ರಾವ್ಯಳಿಗೆ ಖುಷಿಯೋ ಖುಷಿ. ರಾಕ್ಷಸನ ಗುಹೆಯ ಬಾಗಿಲಲ್ಲೇ, ಮೊದಲ ಏಟಿಗೇ, ನಮ್ಮ ವೀರನ ಕಾಲು ಮುರಿಯಿತು. ಹೊತ್ತು ತಂದು ಛತ್ರವೊಂದರಲ್ಲಿ ಮಲಗಿಸಿದೆವು.

"ಏಳ್ಲಿಕ್ಕೆ ಆಗುದಿಲ್ಲ. ಯಾರಾದ್ರೂ ಜೊತೆಗಿದ್ದು ನೋಡ್ಕೊಳ್ಬೇಕು" ಎಂದಳು ಶ್ರಾವ್ಯ.

"ವನಿತಾ ಇದ್ದಾಳಲ್ಲ" ಎಂದರು ಸುಧಾಕರಣ್ಣ, ಚಕ್ಕುಲಿ ಮುರಿಯುತ್ತಾ. ಒಂದು ಕ್ಷಣವೂ ಯೋಚಿಸಲಿಲ್ಲ.

ವನಿತಾ ಕೈಯಲ್ಲಿದ್ದ ದಾಳ ಕೆಳಗಿಟ್ಟರು. "ನಾನು ಇವರನ್ನು ಇಲ್ಲೇ ಬಿಟ್ಟು ಗುಹೆಗೆ ಹೋಗ್ತೇನೆ."

"ಎಂತ? ನೀನು ಹೋದ್ರೆ ನಂಗೆ ನೀರು ಕೊಡುದು ಯಾರು?"

"ಮುರಿದದ್ದು ಕಾಲು. ಕೈ ಸರಿ ಉಂಟಲ್ಲ, ನೀವೇ ತೆಗ್ದು ಕುಡೀರಿ."

ನಾನೂ ಶ್ರಾವ್ಯಳೂ ನಕ್ಕೆವು. ವನಿತಾ ನಗಲಿಲ್ಲ.

"ಇವರು ಸ್ಕೂಟರಿಂದ ಬಿದ್ದಲ್ಲಿಂದ ಶರ್ಟಿನ ಬಟನ್ ಹಾಕುದು ನಾನು, ಮೀಯಿಸುದು ನಾನು, ಇವರ ಅಂಗಡಿಯ ಶಟರ್ ಎಳೆಯುದೂ ನಾನು. ನನ್ನ ಟೈಲರಿಂಗ್ ಅಂಗಡಿಗೆ ಬೀಗ ಬಿದ್ದದ್ದು ಯಾರಿಗಾದ್ರೂ ನೆನಪುಂಟಾ? ಬ್ಲೌಸ್ ಹೊಲಿಯಲಿಕ್ಕೆ ಕೊಟ್ಟವರು ಬಂದು ಬಂದು ಬೈದು ಹೋಗ್ತಾರೆ. ಗೋಡೆ ಹತ್ರ ಹೋಗಿ ಕೈ ಎತ್ತಿ ಅಂದ್ರೆ ಇವರಿಗೆ ಉದಾಸೀನ. ಇವರ ಕೈ ಮೇಲೆ ಹೋಗದೆ ನನ್ನ ಬಾಗಿಲು ತೆರೆಯುದಿಲ್ಲ ಅಕ್ಕ."

ಅಕ್ಕ ಅಂದದ್ದು ನನಗೆ. ಆದರೆ ಮಾತು ನಾಟಿದ್ದು ಬೇರೆಯವರಿಗೆ. ಸುಧಾಕರಣ್ಣ ಚಕ್ಕುಲಿ ತಟ್ಟೆಗೆ ಹಾಕಿ, ಹೆಂಡತಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಹೇಳ್ಬಾರ್ದಿತ್ತಾ?" ಎಂದು ಮೆಲ್ಲಗೆ ಕೇಳಿದರು.

"ದಿನಾ ಹೇಳಿದೆ" ಎಂದ ವನಿತಾ ದಾಳ ಎತ್ತಿಕೊಂಡು, ಒಬ್ಬರೇ ಗುಹೆಗೆ ನುಗ್ಗಿ, ರಾಕ್ಷಸನ ಕಣ್ಣಿಗೆ ಬಾಣ ಬಿಟ್ಟರು. ದಾಳ ಅವರ ಕಡೆಗಿತ್ತು. ರಾಕ್ಷಸ ಸತ್ತ. ಛತ್ರದಲ್ಲಿ ಮಲಗಿದ್ದ ವೀರ, ಹೆಂಡತಿ ಗೆದ್ದ ಸುದ್ದಿ ಕೇಳಿ ಚಪ್ಪಾಳೆ ತಟ್ಟಬೇಕಾಯಿತು. ಭುಜ ನೋಯುತ್ತಿದ್ದರೂ ತಟ್ಟಿದರು.

ಸೋಮವಾರ ವನಿತಾ ಅಂಗಡಿ ತೆರೆದರು. ಗಂಡ ಗುಣವಾಗುವವರೆಗೆ ಕಾಯಲಿಲ್ಲ.

ಮರುದಿನ ಸುಧಾಕರಣ್ಣ ಕ್ಲಿನಿಕ್ಕಿಗೆ ಬಂದಾಗ ಶರ್ಟಿನ ಬಟನ್‌ಗಳೆಲ್ಲ ಒಂದೊಂದು ಮನೆ ತಪ್ಪಿದ್ದವು. "ನಾನೇ ಹಾಕಿದ್ದು" ಎಂದರು, ಹೆಮ್ಮೆಯೋ ದೂರೋ ತಿಳಿಯಲಿಲ್ಲ. ಗೋಡೆಯ ಮುಂದೆ ನಿಂತು, "ನಿಮ್ಮ ರೂಲಿಂದ ಮನೆಯ ಆಟವೇ ಹಾಳಾಯ್ತು ಡಾಕ್ಟ್ರೆ" ಎಂದು ಗೊಣಗುತ್ತಾ ಬೆರಳುಗಳನ್ನು ಹತ್ತಿಸಿದರು. ಈ ಗಂಡಸರ ಕೈ ಎತ್ತಿಸಲು ಎಷ್ಟು ರಾಕ್ಷಸರನ್ನು ಕೊಲ್ಲಬೇಕು? ಕೈಯೇನೋ ಕಿವಿ ದಾಟಿತು. ಹಲ್ಲು ಕಚ್ಚಿ ಇನ್ನೊಂದು ಸಲ ಎತ್ತಿದರು, ನಾನು ಹೇಳದೆಯೇ.

ವಾಸಿಯಾಗಲು ಸಮಯ ಬೇಕು ಎಂದು ನಾವೆಲ್ಲ ಹೇಳುತ್ತೇವೆ. ಯಾರ ಸಮಯ ಎಂದು ಕೇಳುತ್ತೇವಾ?